ಧರ್ಮಕಾಟಾ

ದಿನಾ ಮುಂಜಾನಿಂದ ಸಂಜಿತನಕ
ಗಂಜಿನ ಧರ್ಮಕಾಟಾದಾಗ ಕುಂತು
ಲಾರಿ ತೂಗ್ತೀನಿ ನಾನು.
ತುಂಬಿದ ಲಾರಿಯೊಳಗ ಖಾಲಿ ಲಾರಿ ಕಳದರ
ಉಳದದ್ದು ತೊಗರಿ.
ಚೀಟಿ ಹರದು ಕೊಡೋಮುಂದ
ಡ್ರೈವರ್ ಅಂಕಿ ನೋಡ್ತಾನ, ಮಾರಿ ನೋಡಲ್ಲ.

ಆಳಂದ ನಾಕಾದ ಎರಡನೇ ಮಾಳಗಿಗಿ ಬಂದು
ಚಹಾಕ್ಕ ಇಟ್ಟು ಬಾಲ್ಕನಿ ಬಾಗಿಲಾ ತೆಗದರ
ಇಲ್ಲೂ ಅದೇ ಸಾಲು:
ನೀರಿನ ಪೈಪಿನ ಮಗ್ಗಲಾ ಏರಿ
ಶಹಾಬಾದ ಫರ್ಸಿಯ ಸಂದಿ ಹಿಡದು
ಎಣ್ಣಿಡಬ್ಬಿ ಕೊಯ್ದು ಮಾಡಿದ ಕುಂಡದಾಗ
ಪುಂಡಿಗಿಡದ ಬುಡಕ್ಕ ಇಳದು
ಅಲ್ಲಿಂದ ಅವರಿಬಳ್ಳಿಗಿ.
ಕೆಂಪಿರವಿ.
ನಂಬರ್ ಪ್ಲೇಟ್ ಇಲ್ಲ, ಚೀಟಿ ಇಲ್ಲ,
ಹಾರ್ನಂತೂ ಇಲ್ಲೇ ಇಲ್ಲ.

ಮೊದಲ ಅರಿಷಿಣ ಚೆಲ್ಲಿದೆ.
ಅದನ್ನ ತುಳಕೋತ
ಹಳದಿಕಾಲಿನ ಮದಲಗಿತ್ತೇರ ಹಂಗ ಹ್ವಾದವು.
ಸುಣ್ಣದ ಗೆರಿ ಎಳದೆ.
ಒಂದಿನ ಗೆರಿಮುಂದ ನಿಂತು ವಿಚಾರ ಮಾಡಿ
ಮರುದಿನ ಸುತ್ತುಹಾಕಿ ಬಂದವು,
ಟೋಲ್ ತಪ್ಪಿಸಿ ಹಳ್ಳಿದಾರಿ ಹಿಡಿಯೋ
ನಮ್ಮ ಲಾರಿಗಳ ಹಂಗೇ.

ಕೆಳಗಿನ ಮನಿ ಖೈರುನ್ನೀಸಾ ಖಾಲಾ
ಮೆಟ್ಟಲದ ಮೂಲ್ಯಾಗ ದಿನಾ ಒಂದು ಚಿಟಿಗಿ
ಸಕ್ಕರಿ, ಗೋದಿಹಿಟ್ಟು ಉದುರಸ್ತಾಳ.
ನೀವೇ ಕರದು ನನ್ನ ಮನಿಗಿ ಕಳಿಸ್ತೀರಿ ಅಂದೆ.
ಅಕಿ ಎಲಿ ಅಡಕಿ ಕಟ್ಟತಿದ್ದಾಕಿ
ತಲಿ ಎತ್ತಲಿಲ್ಲ:
"ಹೊಟ್ಟಿ ತುಂಬಿದ್ದು ಯಾಕ ಮಾಳಗಿ ಹತ್ತತದ ಬೇಟಾ?
ನಿನ್ನ ಗಿಡದಾಗ ಏನೋ ಸಿಹಿ ಅದ, ನೋಡು."

ನೋಡಲಿಲ್ಲ.
ಕಲಬುರಗಿ ಬ್ಯಾಸಗಿ, ನಲವತ್ತಮೂರು ಡಿಗ್ರಿ,
ಬಳಿ ಇಟ್ಟ ಕೈಗೂ ಬೊಬ್ಬಿ ಬರೋ ದಿನ.
ಸ್ನಾನದ ಹಂಡೆದಾಗ ಕುದಿಯೋ ನೀರು ತಂದು
ಪುಂಡಿ ಬುಡಕ್ಕ ಸುರಿದೆ.
ಸಪ್ಪಳಿಲ್ಲ.
ಮಣ್ಣಿನ ಮ್ಯಾಲ ಕೆಂಪು ಹೊಟ್ಟು ತೇಲಿತು,
ಮಿಲ್ಲಿನ ಜರಡಿ ಕೆಳಗ ಬೀಳ್ತದಲ್ಲ, ಹಂಗ.
ಸಂಜಿಗಿ ಪುಂಡಿಗಿಡನೂ ಕುತ್ತಿಗಿ ಚೆಲ್ಲಿತು.
ಒಂದು ಸಲದ ಪಲ್ಯಕ್ಕೂ ಎಲಿ ಉಳೀಲಿಲ್ಲ.

ಮರುದಿನ ಶಿಕ್ಕಾ ಓದೋ ಭೂತಗನ್ನಡಿ
ಚೀಲದಾಗ ಹಾಕ್ಕೊಂಡು ಬಂದೆ.
ಅವರಿಬಳ್ಳಿಯ ಎಳೀ ತುದಿಗಿ ಹಿಡದರ
ಕರಿ ಹೇನಿನ ದೊಡ್ಡಿ! ಕಾಲಿಡಾಕ ಜಾಗಿಲ್ಲ.
ಇರವಿ ಒಂದೊಂದರ ಬೆನ್ನು ಸವರತಾವ,
ಮೀಸಿಯಿಂದ, ಹಗೂರಕ,
ಎಮ್ಮಿ ಕೆಚ್ಚಲಾ ಸೊರಬಿಸಿದಂಗ.
ಹನಿ ಬರ್ತದ. ಕುಡೀತಾವ. ಮುಂದಿನದಕ್ಕ ಹೋಗ್ತಾವ.
ನಾನು ದೋಚಾಕ ಬಂದವು ಅಂದಿದ್ದೆ.
ಇವು ದನಾ ಕಾಯೋರು.

ಸೋಪಿನ ನೀರು, ಬೇವಿನೆಣ್ಣಿ ನಾಕು ಹನಿ,
ಮೂರು ಸಂಜಿ ಬಳ್ಳಿ ತೊಳದೆ, ಎಲಿ ಮಗ್ಗಲಾ ತಿರುವಿ ತಿರುವಿ.
ಕುಂಡದ ಕೆಳಗ ನೀರಿನ ಬಟ್ಟಲಾ ಇಟ್ಟೆ.
ಹೇನು ಹ್ವಾದವು. ಇರವಿ ಒಂದೆರಡು ದಿನ
ಖಾಲಿ ದೊಡ್ಡ್ಯಾಗ ತಿರಗ್ಯಾಡಿ
ಪೈಪು ಹಿಡದು ಇಳದವು, ಮೆಟ್ಟಲದ ಮೂಲಿಗಿ.
ಖಾಲಾಗ ಹೇಳಿದೆ.
"ಗೊತ್ತು, ಹಿಟ್ಟು ಬ್ಯಾಗ ಮುಗೀಲಾಕತ್ಯದ" ಅಂದಳು.

ಇವತ್ತ ಕಾಟಾದ ಕಬ್ಬಿಣದ ಹಾಸಿನ ಮ್ಯಾಲ ಒಂದು ಇರವಿ
ಸತ್ತ ಇನ್ನೊಂದನ್ನ ಹೊತಗೊಂಡು ಹೊಂಟಿತ್ತು.
ಪರದಿ ಮ್ಯಾಲ ಸೊನ್ನಿ.
ಇಪ್ಪತ್ತು ಕಿಲೋ ಮೆಟ್ಟಲಾ ನಮ್ಮ ಕಾಟಾದ್ದು,
ಅದರ ಕೆಳಗಿನ ಭಾರ ಅದಕ್ಕ ತಿಳಿಯಲ್ಲ.
ಹಿಂದಿನ ಲಾರಿಯವ ಹಾರ್ನ್ ಹೊಡೀತಿದ್ದ.
ಅದು ದಾಟೋತನಕ ನಾನು ಗೇಟ್ ಎತ್ತಲಿಲ್ಲ.

ರಾತ್ರಿ ಶಟರ್ ಎಳಿಯೋಕಿಂತ ಮೊದಲ,
ಯಾರೂ ಇಲ್ಲದ್ದು ನೋಡಿ
ಚಪ್ಪಲಿ ಬಿಟ್ಟು ಹಾಸಿನ ಮ್ಯಾಲ ನಿಂತೆ.
ದವಾಖಾನಿ ತಕ್ಕಡ್ಯಾಗ ನಾನು ಐವತ್ತೇಳು.
ಇಲ್ಲಿ ಅರವತ್ತು ಬಂತು.
ಮೂರು ಕಿಲೋ ಜಾಸ್ತಿ.
ಯಾರ ಖಾತೆಕ್ಕ ಬರೀಲಿ ಅಂತ
ಪೆನ್ನು ಹಿಡದು ನಿಂತಿದ್ದೆ, ಲೈಟ್ ಹೋಯ್ತು.